ಭೂತನ ಬನದಲ್ಲಿ ನಾಲ್ಕು ಪರಮಾಣು

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ ತಗೊಂಡು ಹೋಗಿದ್ದೆ. ಸಂಜೆ ಭೂತನ ಬನದಲ್ಲಿ ಹನ್ನೆರಡು ಫೋಟೊ ತೆಗೆದೆ. ರೋಲ್ ತೊಳೆದು ಬಂದಾಗ ಅಂಗಳದ ಕರು ಚೆನ್ನಾಗಿ ಬಂದಿತ್ತು. ಬನದ ನೆಗೆಟಿವ್ ಮಾತ್ರ ತೆಳು, ಭೂತನ ಕಲ್ಲು ಇರಬೇಕಾದ ಕಡೆ ಖಾಲಿ.

"ಬನದೊಳಗೆ ಫೋಟೊ ಬರಲ್ಲ ಮಾರಾಯ, ಮೊದಲಿಂದ್ಲೂ ಹಾಗೇ" ಅಂದರು ಚಿಕ್ಕಪ್ಪ.

ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೊಬೈಲಿನಲ್ಲಿ ಬರುತ್ತಲ್ಲ, ಭೂತಕ್ಕೆ ಮೊಬೈಲ್ ಕಂಡರೆ ಹೆದರಿಕೆಯಾ?

ಫಿಲ್ಮಿನ ಮೇಲಿರುವುದು ಬೆಳ್ಳಿ ಲವಣದ ಸಣ್ಣ ಹರಳುಗಳು. ಕ್ಲಿಕ್ ಅಂದ ಕೂಡಲೇ ಚಿತ್ರ ಮೂಡಿಬಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ನಾಲ್ಕೈದು ಪರಮಾಣು ಒಂದು ಕಡೆ ಸೇರುತ್ತವೆ, ಅಷ್ಟೇ. ಅದು ಹಾಲಿಗೆ ಬಿದ್ದ ಹೆಪ್ಪು. ಡೆವಲಪರ್ ಅನ್ನುವ ರಾಸಾಯನಿಕದಲ್ಲಿ ಅದ್ದಿದಾಗ ಹೆಪ್ಪು ಬಿದ್ದ ಹರಳು ಮಾತ್ರ ಪೂರ್ತಿ ಬೆಳ್ಳಿಯಾಗಿ ಕಪ್ಪಾಗುತ್ತದೆ. ನಾಲ್ಕು ಪರಮಾಣು ಹೋಗಿ ನೂರು ಕೋಟಿಯಷ್ಟು! ಉಳಿದ ಹರಳುಗಳನ್ನು ಹೈಪೋ ಅನ್ನುವ ಇನ್ನೊಂದು ದ್ರಾವಣ ತೊಳೆದುಹಾಕುತ್ತದೆ. ಕಣ್ಣಿಗೆ ಕಾಣದ ಈ ಚಿತ್ರವನ್ನು ಹೀಗೆ ಎಬ್ಬಿಸಬಹುದು ಅಂತ ಇಂಗ್ಲೆಂಡಿನ ಟಾಲ್ಬಟ್‌ಗೆ ಗೊತ್ತಾಗಿದ್ದು 1840ರಲ್ಲಿ. ಒಳಗೆ ನಡೆಯುವುದೇನು ಅಂತ ಗರ್ನಿ ಮತ್ತು ಮಾಟ್ ಎಂಬ ಭೌತವಿಜ್ಞಾನಿಗಳು ಬಿಡಿಸಿ ಹೇಳುವಷ್ಟರಲ್ಲಿ 1938 ಬಂದಿತ್ತು. ನಡುವೆ ಒಂದು ತಮಾಷೆಯೂ ಇದೆ. ಹರಳು ಹಿಡಿದಿಡುವ ಜೆಲಾಟಿನ್ ದನದ ಚರ್ಮ, ಮೂಳೆಯಿಂದ ಬರುತ್ತದೆ. ಕೆಲವು ಜೆಲಾಟಿನ್‌ನ ಫಿಲ್ಮ್ ಮಾತ್ರ ಚುರುಕಾಗಿರುವುದು ಯಾಕೆ ಅಂತ 1920ರ ದಶಕದಲ್ಲಿ ಕೊಡಾಕ್‌ನ ಶೆಪರ್ಡ್ ಹುಡುಕುತ್ತಾ ಹೋದರೆ, ಸಿಕ್ಕಿದ್ದು ಸಾಸಿವೆಯಲ್ಲಿರುವಂಥ ಗಂಧಕದ ಅಂಶ!

ಇನ್ನು ಬನದ ವಿಷಯ. ಒಂಟಿ ಬೆಳ್ಳಿ ಪರಮಾಣು ಜಾಸ್ತಿ ಹೊತ್ತು ತಾಳುವುದಿಲ್ಲ, ಕಳಚಿಹೋಗುತ್ತದೆ. ಅಷ್ಟರೊಳಗೆ ಜೊತೆಗೆ ಇನ್ನೊಂದು ಬರಬೇಕು. ಹಸಿ ಸೌದೆಯ ಒಲೆ ನೋಡಿದ್ದೀರಲ್ಲ, ಒಂದೇ ಸಮ ಊದಿದರೆ ಹತ್ತುತ್ತದೆ, ಬಿಟ್ಟು ಬಿಟ್ಟು ಊದಿದರೆ ಎಷ್ಟು ಊದಿದರೂ ಕಿಡಿ ಆರುತ್ತದೆ. ಅಥವಾ ಸೋರುವ ಕೊಡಪಾನವನ್ನು ಸೂರಿನ ಕೆಳಗಿಟ್ಟ ಹಾಗೆ. ಜೋರು ಮಳೆಗೆ ತುಂಬುತ್ತದೆ, ತೊಟ್ಟಿಕ್ಕುವ ನೀರು ಜಾಸ್ತಿ ಪಾಲು ಸೋರಿಹೋಗುತ್ತದೆ, ತುಂಬಲು ತುಂಬಾ ಹೊತ್ತು ಇಡಬೇಕು. ಬನದಲ್ಲಿ ಬೆಳಕು ತೊಟ್ಟಿಕ್ಕುತ್ತದೆ. ಮೊಬೈಲ್ ಸೆನ್ಸರ್ ಬಂದ ಬೆಳಕನ್ನು ಕೂಡಿಡುತ್ತಾ ಹೋಗುತ್ತದೆ, ಅದಕ್ಕೆ ಈ ಸೋರಿಕೆಯ ಕಾಟ ಇಲ್ಲ.

ನಾನು ಹಾಕಿದ್ದು ಇಲ್ಫೋರ್ಡ್ ಎಚ್‌ಪಿ5 ಅನ್ನುವ ಫಿಲ್ಮ್. ಬೆಳಕು ಅಳೆಯುವ ಮೀಟರ್ ಒಂದು ನಿಮಿಷ ಅಂದರೆ, ಸೋರಿದ್ದನ್ನೂ ತುಂಬಿಕೊಳ್ಳಲು ಅದಕ್ಕೆ ಸುಮಾರು ಮೂರೂವರೆ ನಿಮಿಷ ಬೆಳಕು ಬಿಡಬೇಕು. ನಾನು ಮೀಟರನ್ನೇ ನಂಬಿದ್ದೆ.

ಈ ವರ್ಷ ಮತ್ತೆ ಹೋದೆ. ಸ್ಟ್ಯಾಂಡ್ ಹಾಕಿ, ಶಟರ್ ತೆರೆದಿಟ್ಟು, ಕ್ಯಾಮೆರಾಗೆ ಕೊಡೆ ಹಿಡಿದು ನಿಂತೆ. ಮೂರೂವರೆ ನಿಮಿಷ ಒಂದೇ ಕಲ್ಲನ್ನು ನೋಡುತ್ತಾ ನಿಲ್ಲುವ ಸುಖ ಫೋನಿನಲ್ಲಿ ನನಗೆ ಯಾವತ್ತೂ ಸಿಕ್ಕಿಲ್ಲ, ಕಾಲಿಗೆ ಎರಡು ಉಂಬಳ ಹತ್ತಿದ್ದೂ ಗೊತ್ತಾಗಲಿಲ್ಲ. ಕಲ್ಲು ಬಂತು, ಅದರ ಮೇಲಿನ ಪಾಚಿಯೂ ಬಂತು. ಚಿಕ್ಕಪ್ಪ ನೆಗೆಟಿವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕೋಳಿ ಕೊಟ್ಟಿದ್ಯಾ?" ಅಂದರು.