ನಾಲ್ಕು ಗಂಟೆಯಲ್ಲಿ ಬಾಡಿದ ಎಲೆ

ನೀಲಗಿರಿಯ ಟೀ ಫ್ಯಾಕ್ಟರಿಗಳಲ್ಲಿ ಮಷೀನ್ ಕೂರಿಸುವುದು ನನ್ನ ಕೆಲಸ. ಮೈಸೂರಿನಿಂದ ಬಂಡೀಪುರ ದಾಟಿ ಹೋಗುತ್ತೇನೆ. ಫೋನ್ ಬಂದರೆ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಹೊಸ ಸಿಟಿಸಿ ಹಾಕಿದ್ವಿ. ಆದ್ರೂ ಕೂನೂರು ಹರಾಜಲ್ಲಿ ರೇಟ್ ಬರ್ತಿಲ್ಲ."

ಸಿಟಿಸಿ ಅಂದರೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಮಷೀನು. ಹೋದವನು ನಾನು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಸೀದಾ ಟ್ರಫ್ ಹತ್ತಿರ ನಿಲ್ಲುತ್ತೇನೆ; ಜಾಲರಿ ಮೇಲೆ ಎಲೆ ಹರಡಿ, ಕೆಳಗಿನಿಂದ ಗಾಳಿ ಊದಿ ಬಾಡಿಸುವ ಉದ್ದನೆಯ ತೊಟ್ಟಿ ಅದು. ಲಕ್ಷಗಟ್ಟಲೆ ಸುರಿದ ಮಾಲೀಕರಿಗೆ ಇದು ಅವಮಾನ ಅನ್ನಿಸುತ್ತದೆ, ಏನು ಮಾಡಲಿ?

ಹೋದ ಮಳೆಗಾಲದಲ್ಲಿ ಕುಂದಾ ಕಡೆಯ ಒಬ್ಬ ಹಿರಿಯ ಬಡಗ ಗೌಡರು ಟ್ರಫ್‌ನ ಗಾಳಿ ಬಿಸಿ ಮಾಡುವ ತಮ್ಮ ಹೀಟರ್ ತೋರಿಸಿದರು. "ಮೊದ್ಲು ಹದಿನಾಲ್ಕು ಗಂಟೆ ಬಾಡಿಸ್ತಿದ್ವಿ. ಈಗ ನಾಲ್ಕೇ ಗಂಟೆ!" ಟ್ರಫ್‌ಗೆ ಕೈ ಹಾಕಿದೆ. ಮೊಣಕೈವರೆಗೆ ಎಲೆ. ಮೇಲೆ ಒದ್ದೆ, ಕೆಳಗೆ ಜಾಲರಿ ಹತ್ತಿರ ಹಪ್ಪಳ.

ಇದೊಂದನ್ನು ಎಷ್ಟು ಸಲ ಹೇಳಿದ್ದೇನೋ. ಬಾಡುವುದು ಅಂದರೆ ಎರಡು ಕೆಲಸ. ಒಂದು, ನೀರು ಇಳಿಯುವುದು. ಹಸಿ ಎಲೆಯಲ್ಲಿ ನೂರಕ್ಕೆ 75ರಿಂದ 80 ಪಾಲು ನೀರು. ಸಿಟಿಸಿಗೆ ಅದು 70ರ ಆಸುಪಾಸಿಗೆ ಬಂದರೆ ಸಾಕು. ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕಿತ್ತ ಮೇಲೂ ಎಲೆಗೆ ಜೀವ ಇರುತ್ತದೆ, ಅದು ಉಸಿರಾಡುತ್ತಿರುತ್ತದೆ. ಒಳಗಿನ ಪ್ರೋಟೀನ್ ಒಡೆದು ಅಮೈನೋ ಆಮ್ಲವಾಗುತ್ತದೆ. ಟೀಗೆ ಪರಿಮಳ ಕೊಡುವ ಸರಕು ತಯಾರಾಗುವುದು ಆಗ. ನೀರನ್ನು ಹೀಟರ್ ಬೇಗ ಓಡಿಸುತ್ತದೆ. ಈ ಎರಡನೇ ಕೆಲಸಕ್ಕೆ ಮಾತ್ರ ಗಂಟೆಗಳೇ ಬೇಕು. ಬೇಗ ಹುಳಿ ಬರಲಿ ಅಂತ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಯಾರಾದರೂ ಒಲೆ ಮೇಲೆ ಇಡುತ್ತಾರಾ? ಹಿಟ್ಟು ಬೇಯುತ್ತದೆ, ಅಷ್ಟೇ.

ಹೀಟರ್ ಬೇಡವೇ ಬೇಡ ಅಂತಲ್ಲ. ಜಡಿಮಳೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು, ಒಣ ಥರ್ಮಾಮೀಟರು ಎರಡೂ ಒಂದೇ ಡಿಗ್ರಿ ತೋರಿಸುತ್ತವೆ. ಅಂಥ ಗಾಳಿ ನೀರನ್ನೇ ಹೀರುವುದಿಲ್ಲ. ಆಗ ಎರಡರ ನಡುವೆ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಬರುವಷ್ಟು ಬಿಸಿ ಕೊಡಿ, ಜಾಸ್ತಿ ಬೇಡ. ಎಷ್ಟು ಗಂಟೆ ಅಂತ ಫೋನಲ್ಲಿ ಹೇಳು ಅಂದರೆ ನಾನು ಹೇಳಲಾರೆ. ಎಲೆ ನೋಡಬೇಕು, ಆ ದಿನದ ಹವೆ ನೋಡಬೇಕು. ಮೂಟೆಯಲ್ಲಿ ತುಳಿದು ತುಂಬಿ, ದಾರಿಯಲ್ಲೇ ಬಿಸಿಯಾಗಿ ಕೆಂಪಾದ ಎಲೆಗಂತೂ ಯಾವ ಟ್ರಫ್ಫೂ ಏನೂ ಮಾಡದು.

ಗೌಡರ ಹತ್ತಿರ ಮೂವತ್ತು ವರ್ಷದಿಂದ ಟ್ರಫ್ ನೋಡಿಕೊಳ್ಳುವ ಅಮ್ಮ ಒಬ್ಬರಿದ್ದಾರೆ. ಮುಷ್ಟಿ ತುಂಬ ಎಲೆ ಹಿಂಡಿ, ಕೈ ಬಿಡಿಸಿ ನೋಡುತ್ತಾರೆ. ಹದವಾಗಿ ಬಾಡಿದ್ದರೆ ಉಂಡೆ ಹಾಗೇ ನಿಂತು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ದಂಟು ಬಗ್ಗುತ್ತದೆ, ಲಟಕ್ಕನೆ ಮುರಿಯುವುದಿಲ್ಲ. ಹೀಟರ್ ಬಂದ ಮೇಲೆ ಅವರನ್ನು ಯಾರೂ ಕೇಳುತ್ತಿರಲಿಲ್ಲವಂತೆ.

ಈಗ ಅಲ್ಲಿ ಎಲೆಯನ್ನು ಒಂದು ಗೇಣಿಗಿಂತ ದಪ್ಪವಾಗಿ ಹರಡುವುದಿಲ್ಲ, ರಾತ್ರಿಯೆಲ್ಲ ಬಾಡಿಸುತ್ತಾರೆ. ಮೊನ್ನೆ ಗೌಡರು ಫೋನ್ ಮಾಡಿದ್ದರು, ಟೀಪುಡಿಯನ್ನು ಬಣ್ಣ ನೋಡಿ ಬೇರ್ಪಡಿಸುವ ಕಲರ್ ಸಾರ್ಟರ್ ಮಷೀನಿಗೆ ಎಷ್ಟಾಗುತ್ತದೆ ಅಂತ. "ಬರ್ತೀನಿ ಗೌಡ್ರೇ, ಮೊದ್ಲು ಟ್ರಫ್ ತೋರಿಸಿ" ಅಂದೆ. ನಕ್ಕು ಫೋನ್ ಇಟ್ಟರು.