ತಾರ ಷಡ್ಜವಿಲ್ಲದ ಸ್ವರಶ್ರೇಣಿ

ಒಂದಡಿ ಉದ್ದದ ಪಿವಿಸಿ ಪೈಪಿನ ತುಂಡು ತೆಗೆದುಕೊಳ್ಳಿ. ಕೆಳಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಮೇಲಿನ ಅಂಚಿಗೆ ಅಡ್ಡಲಾಗಿ ಊದಿ. ಮೆತ್ತಗಿನ ಸ್ವರವೊಂದು ಹೊರಡುತ್ತದೆ. ಅದನ್ನು ಷಡ್ಜ ಅಂದುಕೊಳ್ಳೋಣ. ಈಗ ತುಟಿ ಬಿಗಿಮಾಡಿ ಜೋರಾಗಿ ಊದಿದರೆ ಸ್ವರ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಎಲ್ಲಿಗೆ? ತಾರ ಷಡ್ಜಕ್ಕಲ್ಲ, ಅದನ್ನು ದಾಟಿ ತಾರ ಸ್ಥಾಯಿಯ ಪಂಚಮಕ್ಕೆ. ಕೊಳಲಿನಲ್ಲಿ ಹೀಗಾಗುವುದಿಲ್ಲ, ಅಲ್ಲಿ ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತದೆ. ಒಂದು ಬಾಯಿ ಮುಚ್ಚಿದ ಕೊಳವೆಯ ಗಾಳಿ ಮೂಲ ಕಂಪನದ 3, 5, 7 ಪಟ್ಟಿನಲ್ಲಿ ಮಾತ್ರ ಸಲೀಸಾಗಿ ಅದುರುತ್ತದೆ. 2, 4, 6ಕ್ಕೆ ಅಲ್ಲಿ ಜಾಗವಿಲ್ಲ.

ಸಂಗೀತದ ಅತ್ಯಂತ ಹಳೆಯ ನಂಬಿಕೆಯೊಂದನ್ನು ಈ ಪೈಪು ಪ್ರಶ್ನಿಸುತ್ತದೆ. ಕಂಪನ ಎರಡು ಪಟ್ಟಾದರೆ ನಮಗೆ ಮತ್ತೆ ‘ಸ’ ಕೇಳಿಸುತ್ತದೆ. ಮಂದ್ರ, ಮಧ್ಯ, ತಾರ ಎಂಬ ನಮ್ಮ ಲೆಕ್ಕವೂ ಪಶ್ಚಿಮದವರ ಆಕ್ಟೇವೂ ನಿಂತಿರುವುದು ಇದರ ಮೇಲೆ. ತಂತಿ ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ 2, 3, 4, 5 ಪಟ್ಟಿನ ಉಪಸ್ವರಗಳೂ ಸೇರಿ ನುಡಿಯುತ್ತವೆ. ತಂಬೂರಿಯ ಮಂದ್ರ ಷಡ್ಜದಲ್ಲಿ ಯಾರೂ ಮೀಟದ ಗಾಂಧಾರ, ಆ ಸ್ವಯಂಭೂ ಗಾಂಧಾರ ಕೇಳುವುದೂ ಹೀಗೆಯೇ. ಅದು ಐದನೆಯ ಉಪಸ್ವರ. ತಾರ ಷಡ್ಜ ನುಡಿಸಿದಾಗ ಅದರ ಉಪಸ್ವರಗಳೆಲ್ಲ ಕೆಳಗಿನ ಷಡ್ಜದೊಳಗೆ ಮೊದಲೇ ಇರುತ್ತವೆ. ಕಿವಿಗೆ ಹೊಸದೇನೂ ಸಿಗದೆ ‘ಅದೇ ಸ್ವರ’ ಎನ್ನಲು ಇದೊಂದು ದೊಡ್ಡ ಕಾರಣ.

ಹಾಗಾದರೆ ಎರಡರ ಪಟ್ಟೇ ಇಲ್ಲದ ನಾದಕ್ಕೆ ಎರಡರ ಚೌಕಟ್ಟು ಏಕೆ?

1970ರ ದಶಕದ ಆರಂಭದಲ್ಲಿ ಜರ್ಮನಿಯ ಎಂಜಿನಿಯರ್ ಹೈಂಟ್ಸ್ ಬೋಲೆನ್ ಎಲ್ಲ ಸಂಗೀತವೂ ಆಕ್ಟೇವಿಗೇ ಏಕೆ ಕಟ್ಟುಬಿದ್ದಿದೆ ಎಂದು ಹ್ಯಾಂಬರ್ಗಿನಲ್ಲಿ ಕೇಳತೊಡಗಿದರು. ಸಿಕ್ಕ ಉತ್ತರಗಳು ಒಪ್ಪಿಗೆಯಾಗದೆ ಹೊಸ ಶ್ರೇಣಿಯನ್ನೇ ಕಟ್ಟಿದರು. ನೆದರ್ಲೆಂಡ್ಸಿನ ಕೇಸ್ ಫಾನ್ ಪ್ರೋಯೆನ್ ಮತ್ತು ಅಮೆರಿಕದ ಜಾನ್ ಪಿಯರ್ಸ್, ಟ್ರಾನ್ಸಿಸ್ಟರಿಗೆ ಆ ಹೆಸರಿಟ್ಟ ಅದೇ ಪಿಯರ್ಸ್, ಬೇರೆ ಬೇರೆ ದಾರಿಯಿಂದ ಅಲ್ಲಿಗೇ ಬಂದು ಮುಟ್ಟಿದರು. ಅದಕ್ಕೀಗ ಬೋಲೆನ್–ಪಿಯರ್ಸ್ ಶ್ರೇಣಿ ಎಂದೇ ಹೆಸರು.

ಅದರಲ್ಲಿ ‘ಮತ್ತೆ ಸ’ ಬರುವುದು ಮೂರು ಪಟ್ಟಿನಲ್ಲಿ, ಅಂದರೆ ನಮ್ಮ ತಾರ ಪಂಚಮದಲ್ಲಿ. ಆ ದೂರವನ್ನು 13 ಸಮಭಾಗ ಮಾಡುತ್ತಾರೆ. ಸ್ವರಗಳ ನಡುವಿನ ದೂರ ಅಳೆಯುವ ಮಾನ ಸೆಂಟ್; ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್. ಇಲ್ಲಿ ಸುಮಾರು 146. 220 ಹರ್ಟ್ಸ್‌ನಿಂದ ಹತ್ತತೊಡಗಿದರೆ ಎಂಟನೆಯ ಮೆಟ್ಟಿಲು 432.5ರ ಹತ್ತಿರ ಬಂದು ನಿಲ್ಲುತ್ತದೆ. 440ಕ್ಕಾಗಿ ಕಾದು ಕೂತ ಕಿವಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ. ಮುಂದಿನ ಮೆಟ್ಟಿಲು 470ನ್ನೂ ದಾಟಿರುತ್ತದೆ. ತಾರ ಷಡ್ಜ ಈ ಏಣಿಯಲ್ಲಿ ಇಲ್ಲವೇ ಇಲ್ಲ.

ಆದರೆ ಇದು ಅಪಸ್ವರದ ಏಣಿಯಲ್ಲ. 0, 6, 10ನೆಯ ಮೆಟ್ಟಿಲುಗಳನ್ನು ಒಟ್ಟಿಗೆ ನುಡಿಸಿದರೆ ಕಂಪನಗಳು ಹೆಚ್ಚುಕಡಿಮೆ 3:5:7ರ ಪ್ರಮಾಣಕ್ಕೆ ಬರುತ್ತವೆ. ತಪ್ಪುವುದು ಏಳು ಸೆಂಟಿನೊಳಗೆ. ಪಿಯಾನೋದ ಗಾಂಧಾರವೇ ಸಹಜ ಸ್ಥಾನದಿಂದ 14 ಸೆಂಟ್ ಆಚೆ ಇದೆ! ಈ ಮೂರರ ಮೇಳ ಪಿಟೀಲಿನಂಥ ನಾದದಲ್ಲಿ ವಿಚಿತ್ರವೆನಿಸಬಹುದು, ಬೆಸ ಪಟ್ಟಿನ ಉಪಸ್ವರಗಳೇ ಮುಂದಾಗಿರುವ ಕ್ಲಾರಿನೆಟ್ಟಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಶ್ರೇಣಿ ಹುಟ್ಟುವುದು ಬರಿಯ ಅಂಕಿಗಳಲ್ಲಲ್ಲ, ವಾದ್ಯದ ದೇಹದಲ್ಲಿ ಎಂಬುದು ನನಗೆ ಮನದಟ್ಟಾದದ್ದು ಇಲ್ಲೇ. 1990ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ವಿಲಿಯಂ ಸೆಥಾರೆಸ್ ಇದನ್ನು ಇನ್ನೂ ಖಚಿತವಾಗಿ ತೋರಿಸಿದರು. ಉಪಸ್ವರಗಳನ್ನು ಬೇಕೆಂದೇ ಹಿಗ್ಗಿಸಿ ಕಂಪ್ಯೂಟರಿನಲ್ಲಿ ನಾದ ತಯಾರಿಸಿದರು. ಅದರಲ್ಲಿ ಸರಿಯಾದ ಎರಡರ ಪಟ್ಟೇ ಕರಕರ ಎನ್ನುತ್ತದೆ, 2.1 ಪಟ್ಟು ನಯವಾಗಿ ಬೆರೆಯುತ್ತದೆ.

ಅಮೆರಿಕದ ಎಲೆಕ್ಟ್ರಾನಿಕ್ ಸಂಗೀತ ಸಂಯೋಜಕಿ ವೆಂಡಿ ಕಾರ್ಲೋಸ್ ಹಿಡಿದದ್ದು ಬೇರೆ ದಾರಿ. 1986ರ ಹೊತ್ತಿಗೆ ಅವರು ರೂಪಿಸಿದ ‘ಆಲ್ಫಾ’ ಶ್ರೇಣಿಯ ಮೆಟ್ಟಿಲು 78 ಸೆಂಟ್. ಒಂಬತ್ತು ಹತ್ತಿದರೆ ಪಂಚಮ ಶುದ್ಧವಾಗಿ ಸಿಗುತ್ತದೆ, ಆದರೆ ಹದಿನೈದು ಹತ್ತಿದರೂ ಹದಿನಾರು ಹತ್ತಿದರೂ ತಾರ ಷಡ್ಜ ಸಿಗುವುದಿಲ್ಲ.

ಕಿವಿ ಇದಕ್ಕೆಲ್ಲ ಒಗ್ಗುತ್ತದೆಯೇ? ಸಂಗೀತ ಗ್ರಹಿಕೆಯ ಸಂಶೋಧಕಿ ಸೈಕಿ ಲೂಯಿ ಮತ್ತು ಸಂಗಡಿಗರು ಬೋಲೆನ್–ಪಿಯರ್ಸ್ ಸ್ವರಗಳಿಂದ ಮಾಡಿದ ಧಾಟಿಗಳನ್ನು ಸುಮಾರು ಅರ್ಧ ಗಂಟೆ ಕೇಳಿಸಿದರು. ಅಷ್ಟಕ್ಕೇ ಕೇಳುಗರು ಆ ಧಾಟಿಗಳ ಕಟ್ಟನ್ನು ಹಿಡಿದು, ಅದೇ ಕಟ್ಟಿನ ಹೊಸ ಧಾಟಿಗಳನ್ನೂ ಗುರುತಿಸಿದರು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬೊಲಿವಿಯಾದ ತ್ಸಿಮಾನೆ ಜನರದ್ದು. ಗಂಟಲಿಗೆ ಎಟುಕದಷ್ಟು ಎತ್ತರದ ಸ್ವರ ಕೇಳಿಸಿ ಹಾಡಿ ತೋರಿಸಿ ಎಂದರೆ ಅಮೆರಿಕದವರು, ಅದರಲ್ಲೂ ಸಂಗೀತ ಕಲಿತವರು, ಸ್ಥಾಯಿ ಇಳಿಸಿ ಅದೇ ಸ್ವರ ಹಿಡಿಯುತ್ತಿದ್ದರು. ತ್ಸಿಮಾನೆಯವರ ಹಾಡಿಕೆಯಲ್ಲಿ ಆ ಒಲವು ಕಾಣಲಿಲ್ಲ. ‘ಮೇಲಿನ ಸ ಕೂಡ ಸ’ ಎಂಬ ಅರಿವಿನಲ್ಲಿ ಕಲಿಕೆಯ ಪಾಲು ದೊಡ್ಡದೇ ಇರಬೇಕು.

ನಮ್ಮ ಮದುವೆ ಬ್ಯಾಂಡ್‌ಸೆಟ್ಟಿನಲ್ಲೂ ಕೇಳುವ ಕ್ಲಾರಿನೆಟ್ ಊದುವ ಕಡೆ ಮುಚ್ಚಿದ ಕೊಳವೆಯಂತೆಯೇ ವರ್ತಿಸುತ್ತದೆ. ಹೆಬ್ಬೆರಳಿನ ಕೀಲಿ ಒತ್ತಿ ಊದಿದರೆ ಅದೂ ಮೂರು ಪಟ್ಟಿಗೇ ಜಿಗಿಯುತ್ತದೆ. ಆ ಜಿಗಿತದ ನಡುವಿನ 19 ಅರೆಸ್ವರಗಳನ್ನು ತುಂಬಿಸಲೆಂದೇ ಅದರ ಮೈತುಂಬ ಅಷ್ಟೊಂದು ಕೀಲಿಗಳು. ಕೆನಡಾದ ಸ್ಟೀಫನ್ ಫಾಕ್ಸ್ ಬೋಲೆನ್–ಪಿಯರ್ಸ್ ಕ್ಲಾರಿನೆಟ್ ಮಾಡಿದಾಗ ತುಂಬಿಸಬೇಕಾದದ್ದು 13 ಮಾತ್ರ. ಕೀಲಿಗಳು ಕಡಿಮೆಯಾದವು. ಕೆಳಗೆ ‘ಸ’ ನುಡಿಸಿದ ಬೆರಳುಗಳು ಹಾಗೇ ಇದ್ದು, ಮೇಲಕ್ಕೆ ಜಿಗಿದಾಗಲೂ ಅದೇ ‘ಸ’ ನುಡಿಸುತ್ತವೆ.