ಗಾಳಿ ತೆಗೆದ ಹುಳಿ ಎಷ್ಟು ದಿನ ಇರುತ್ತೆ?

ಪ್ರಶ್ನೆ: ಮೇಡಂ, ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಇರುವವರು. ಮಗ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೆಸ್ ಊಟ ಅವನಿಗೆ ಸೇರುತ್ತಿಲ್ಲ. ಹದಿನೈದು ದಿನಕ್ಕೊಮ್ಮೆ ಹುಳಿ, ಬಿಸಿಬೇಳೆಭಾತ್, ಗೊಜ್ಜು ಮಾಡಿ ವ್ಯಾಕ್ಯೂಮ್ ಪ್ಯಾಕ್ ಮಾಡಿ ಕಳಿಸೋಣ ಅಂತ ಮಷಿನ್ ತಂದಿದ್ದೇವೆ. ಅವನ ರೂಮಿನಲ್ಲಿ ಫ್ರಿಜ್ ಇಲ್ಲ. ಹೊರಗೆ ಎಷ್ಟು ದಿನ ಇಡಬಹುದು?

ಉತ್ತರ: ಇಡಬಾರದು. ಹದಿನೈದು ದಿನದ ಮಾತು ಹಾಗಿರಲಿ, ರಾತ್ರಿಯಿಂದ ಬೆಳಗಿನವರೆಗೂ ಹೊರಗೆ ಇಡಬಾರದು. ಪ್ಯಾಕ್ ಮಾಡದ ಹುಳಿಯನ್ನು ಮೇ ತಿಂಗಳ ಸೆಕೆಯಲ್ಲಿ ಹೊರಗೆ ಎಷ್ಟು ಹೊತ್ತು ಇಡುತ್ತೀರೋ, ಪ್ಯಾಕ್ ಮಾಡಿದ್ದನ್ನೂ ಅಷ್ಟೇ ಹೊತ್ತು.

ನಿಮ್ಮ ಪ್ರಶ್ನೆಗೆ ಇಷ್ಟೇ ಉತ್ತರ. ಆದರೆ ಇಲ್ಲಿಗೆ ಬಿಟ್ಟರೆ ಮುಂದಿನ ತಿಂಗಳು ಇದೇ ಪ್ರಶ್ನೆ ಮುಲುಂಡಿನಿಂದ ಬರುತ್ತದೆ. ಹೋದ ಸಲ ಠಾಣೆಯಿಂದ ಬಂದಿತ್ತು, ಕೋಳಿ ಸುಕ್ಕ ಅಂತ. ಅದರ ಹಿಂದೆ ಮಡಗಾಂವಿನಿಂದ, ಅಣಬೆ ಅಂತ. ತಿಂಡಿ ಬೇರೆ, ಪ್ರಶ್ನೆ ಒಂದೇ. ಎಲ್ಲರೂ ಕೊನೆಗೆ ಒಂದೇ ಸಾಲು ಸೇರಿಸುತ್ತಾರೆ: "ಗಾಳಿಯೇ ಇಲ್ಲ ಅಂದಮೇಲೆ ಕೆಡೋದು ಹೇಗೆ, ಅಲ್ವಾ?"

ಅಲ್ಲ. ಈ ಒಂದು ನಂಬಿಕೆಯನ್ನು ಇವತ್ತು ಬೇರು ಸಮೇತ ಕಿತ್ತು ಹಾಕೋಣ. ಸ್ವಲ್ಪ ಉದ್ದ ಆಗುತ್ತದೆ, ಕೂತು ಓದಿ.

ಮೊದಲು ಒಂದು ಸಮಾಧಾನ. ಈ ತಪ್ಪು ನಿಮ್ಮೊಬ್ಬರದಲ್ಲ. ಇನ್ನೂರು ವರ್ಷ ಹಳೆಯದು. ಫ್ರಾನ್ಸಿನ ನಿಕೊಲಾ ಅಪೇರ್ ಅನ್ನುವ ಮಿಠಾಯಿಗಾರ ಗಾಜಿನ ಬಾಟಲಿಯಲ್ಲಿ ಅಡುಗೆ ತುಂಬಿ, ಬಿರಡೆ ಬಿಗಿದು, ಬಾಟಲಿಯನ್ನೇ ಕುದಿಯುವ ನೀರಿನಲ್ಲಿ ಬೇಯಿಸುತ್ತಿದ್ದ. ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಯಾಕೆ ಕೆಡುವುದಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ. ಗೇ-ಲುಸಾಕ್ ಅನ್ನುವ ದೊಡ್ಡ ರಸಾಯನ ವಿಜ್ಞಾನಿ ಆ ಬಾಟಲಿಗಳನ್ನು ಪರೀಕ್ಷಿಸಿದ. ಒಳಗೆ ಆಮ್ಲಜನಕ ಇರಲಿಲ್ಲ. ಸರಿ, ಆಮ್ಲಜನಕ ಇಲ್ಲದ್ದರಿಂದಲೇ ಕೆಟ್ಟಿಲ್ಲ ಅಂತ ತೀರ್ಮಾನ ಮಾಡಿದ. ಕೆಡಿಸುವುದು ಕಣ್ಣಿಗೆ ಕಾಣದ ಜೀವಿಗಳು, ಉಳಿಸಿದ್ದು ಬೆಂಕಿಯ ಕಾವು ಅಂತ ಪಾಸ್ಚರ್ ಬಂದು ತೋರಿಸುವ ಹೊತ್ತಿಗೆ ಐವತ್ತು ವರ್ಷ ಕಳೆದಿತ್ತು. ವಿಜ್ಞಾನಿಗಳು ಅವತ್ತೇ ತಿದ್ದಿಕೊಂಡರು. ನಮ್ಮ ಸೊಸೈಟಿ ವಾಟ್ಸಾಪ್ ಗ್ರೂಪಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಗಾಳಿ ತೆಗೆದರೆ ಯಾರು ಸಾಯುತ್ತಾರೆ? ಯಾರೂ ಸಾಯುವುದಿಲ್ಲ. ಕೆಲವರು ಸುಮ್ನೆ ಕೂರುತ್ತಾರೆ. ಬೂಷ್ಟು ಬೆಳೆಯುವುದಿಲ್ಲ, ಯಾಕೆಂದರೆ ಅದಕ್ಕೆ ಗಾಳಿ ಬೇಕು. ಅನ್ನ ಹಳಸಿತು, ಪಲ್ಯ ವಾಸನೆ ಬಂತು ಅನ್ನುತ್ತೇವಲ್ಲ, ಆ ವಾಸನೆ ಎಬ್ಬಿಸುವವರಲ್ಲಿ ಹಲವರು ನಿಧಾನವಾಗುತ್ತಾರೆ. ಅಂದರೆ ನಿಮಗೆ ಎಚ್ಚರಿಕೆ ಕೊಡುತ್ತಿದ್ದವರೇ ಬಾಯಿ ಮುಚ್ಚಿದರು. ಬೊಗಳುವ ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದ ಹಾಗಾಯಿತು.

ಆ ಕಳ್ಳನ ಹೆಸರು ಕ್ಲಾಸ್ಟ್ರಿಡಿಯಂ ಬೊಟುಲಿನಮ್, ಒಂದು ಬ್ಯಾಕ್ಟೀರಿಯಾ. ಅದಕ್ಕೆ ಗಾಳಿ ಕಂಡರೆ ಆಗುವುದಿಲ್ಲ. ಗಾಳಿ ಇಲ್ಲದ, ತೇವ ಇರುವ, ಹುಳಿ ಕಡಿಮೆ ಇರುವ, ಬೆಚ್ಚಗಿನ ಜಾಗ ಬೇಕು. ಫ್ರಿಜ್ ಇಲ್ಲದ ರೂಮಿನಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಬಿಸಿಬೇಳೆಭಾತ್ ಅಂದರೆ ಅದೇ ಜಾಗ. ಇದರ ಬೀಜಾಣು, ಅಂದರೆ ಬೀಜದ ಹಾಗೆ ಗಟ್ಟಿ ಕವಚದೊಳಗೆ ನಿದ್ದೆ ಮಾಡುವ ಅದರ ರೂಪ, ಮಣ್ಣಿನಲ್ಲಿ ಎಲ್ಲ ಕಡೆ ಇರುತ್ತದೆ. ಹಾಗಾಗಿ ಆಲೂಗಡ್ಡೆ, ಬೀಟ್‌ರೂಟ್, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪಿನ ಜೊತೆ ನಮ್ಮ ಅಡುಗೆಮನೆಗೂ ಬರುತ್ತದೆ. ಬೀಜಾಣು ತಿಂದರೆ ದೊಡ್ಡವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಆಗಬಹುದು, ಅದಕ್ಕೇ ಜೇನುತುಪ್ಪ ನೆಕ್ಕಿಸಬೇಡಿ ಅಂತ ಡಾಕ್ಟರು ಹೇಳುವುದು. ಆದರೆ ಬೀಜಾಣು ಚೀಲದೊಳಗೆ ಮೊಳೆತು ಬೆಳೆದರೆ ವಿಷ ಬಿಡುತ್ತದೆ. ತಿಂದ ಮೇಲೆ ಸಾಮಾನ್ಯವಾಗಿ 12ರಿಂದ 36 ಗಂಟೆಯಲ್ಲಿ ಕಣ್ಣು ಮಂಜಾಗುತ್ತದೆ, ಒಂದು ಎರಡಾಗಿ ಕಾಣುತ್ತದೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಆಮೇಲೆ ಉಸಿರು. ಅಪರೂಪದ ಕಾಯಿಲೆ, ನಿಜ. ಆದರೆ ಹೀಗೆ ಆದರೆ ಜೀರಿಗೆ ಕಷಾಯ ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ, ಇಲ್ಲಿಗೆ ಬಂದಾಗ ಕ್ಲಾಸಿನಲ್ಲಿ ಮುಂದಿನ ಬೆಂಚಿನಿಂದ ಕೈ ಎತ್ತುತ್ತಿದ್ದರು: "ಟೀಚರ್, ಹುಳಿಯನ್ನು ಕೊತ ಕೊತ ಕುದಿಸಿರುತ್ತೇವಲ್ಲ?" ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಬೀಜಾಣು ಸಾಯುವುದಿಲ್ಲ. ಮುಂಬಯಿಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಪುಣೆ ಘಟ್ಟದ ಮೇಲಿದೆ, ಅಲ್ಲಿ 98ರ ಹತ್ತಿರವೇ ಕುದಿಯುತ್ತದೆ. ಈ ಬೀಜಾಣುವನ್ನು ನಂಬಿಕೆ ಇಡುವ ಮಟ್ಟಿಗೆ ಮುಗಿಸಲು 121 ಡಿಗ್ರಿಯಲ್ಲಿ ಸುಮಾರು ಮೂರು ನಿಮಿಷ ಬೇಕು. ಅದೇ ಕೆಲಸ 100 ಡಿಗ್ರಿಯಲ್ಲಿ ಆಗಬೇಕಾದರೆ ಐದು ಗಂಟೆಗೂ ಜಾಸ್ತಿ. ಐದು ಗಂಟೆ ಕುದಿಸಿದ ಹುಳಿಯನ್ನು ನಿಮ್ಮ ಮಗ ತಿನ್ನುತ್ತಾನೆಯೇ? ಮೆಸ್ಸೇ ವಾಸಿ ಅನ್ನುತ್ತಾನೆ.

ಆಗ ಹಿಂದಿನ ಬೆಂಚಿನ ಜಾಣೆಯ ಸರದಿ: "ಕುಕ್ಕರ್ ಇದೆಯಲ್ಲ?" ಒಳ್ಳೆಯ ಪ್ರಶ್ನೆ. ವೆಯ್ಟ್ ಹಾಕಿದ ಕುಕ್ಕರ್ ಒಳಗೆ ಕಾವು 120ರ ಹತ್ತಿರ ಹೋಗುತ್ತದೆ. ಆದರೆ ನೀವು ಮುಂದೇನು ಮಾಡುತ್ತೀರಿ ನೋಡಿ. ಮುಚ್ಚಳ ತೆಗೆಯುತ್ತೀರಿ. ಸೌಟು ಹಾಕುತ್ತೀರಿ. ಇಂಗು, ಕರಿಬೇವು, ಬೆಳ್ಳುಳ್ಳಿ ಒಗ್ಗರಣೆ ಸುರಿಯುತ್ತೀರಿ. ಮೇಲೆ ಹಸಿ ಕೊತ್ತಂಬರಿ. ಆರಿಸಿ, ಕೈಯಲ್ಲಿ ಚೀಲ ಬಿಡಿಸಿ ತುಂಬುತ್ತೀರಿ. ಹೊರಗೆ ಹಾಕಿದ್ದನ್ನೆಲ್ಲ ಮತ್ತೆ ಕೈಹಿಡಿದು ಒಳಗೆ ಕರೆದು, ಆಮೇಲೆ ಚೀಲದ ಬಾಯಿ ಸೀಲ್ ಮಾಡುತ್ತೀರಿ.

ಹಾಗಾದರೆ ಅಂಗಡಿಯ ರೆಡಿ ಟು ಈಟ್ ಪೊಟ್ಟಣ? ಅದು ಕಪಾಟಿನಲ್ಲೇ ತಿಂಗಳುಗಟ್ಟಲೆ ಇರುತ್ತದಲ್ಲ? ನಿಮ್ಮ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಅಂತ ನನಗೆ ಗೊತ್ತು. ಅದನ್ನು ಉಳಿಸುವುದು ವ್ಯಾಕ್ಯೂಮ್ ಅಲ್ಲ. ಪದರ ಪದರದ ದಪ್ಪ ಪೊಟ್ಟಣಕ್ಕೆ ಅಡುಗೆ ತುಂಬಿ, ಸೀಲ್ ಮಾಡಿ, ಆಮೇಲೆ ಪೊಟ್ಟಣವನ್ನೇ ಒತ್ತಡದ ದೊಡ್ಡ ಯಂತ್ರದಲ್ಲಿಟ್ಟು 121 ಡಿಗ್ರಿಯ ಸುಮಾರಿಗೆ ಕಾಯಿಸುತ್ತಾರೆ. ನಟ್ಟನಡುವಿನ ತುತ್ತಿಗೂ ಆ ಕಾವು ಮುಟ್ಟಿತೇ ಅಂತ ಅಳೆಯುತ್ತಾರೆ. ಇದಕ್ಕೆ ರಿಟಾರ್ಟ್ ಅಂತ ಹೆಸರು. ಸೈನಿಕರಿಗಾಗಿ ನಮ್ಮ ದೇಶದಲ್ಲಿ ಇದನ್ನು ಹದಕ್ಕೆ ತಂದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಕನ್ನಡದವರಾಗಿ ಇಷ್ಟಾದರೂ ನೆನಪಿಟ್ಟುಕೊಳ್ಳಿ. ಅವರು ಮೊದಲು ಮುಚ್ಚಿ ಆಮೇಲೆ ಬೇಯಿಸುತ್ತಾರೆ. ನಾವು ಮೊದಲು ಬೇಯಿಸಿ ಆಮೇಲೆ ಮುಚ್ಚುತ್ತೇವೆ. ಇರುವ ವ್ಯತ್ಯಾಸವೆಲ್ಲ ಇದೇ.

ಮನೆಯ ಕುಕ್ಕರಿನಲ್ಲೇ ಬಾಟಲಿ ಇಟ್ಟು ಹಾಗೆ ಮಾಡಬಹುದಲ್ಲ ಅಂತ ಕೆಲವರು ಹೊರಡುತ್ತಾರೆ. ಬೇಡ. ಐದು ಲೀಟರಿನ ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ. ಮಂದವಾದ ಹುಳಿಯ ನಡುವಿಗೆ ಕಾವು ಹೋಗಲು ಎಷ್ಟು ಹೊತ್ತು ಬೇಕು ಅಂತ ವಿಷಲ್ ಎಣಿಸಿ ಹೇಳಲು ಬರುವುದಿಲ್ಲ. ಬಿಸಿ ಗೊಜ್ಜನ್ನು ಬಾಟಲಿಗೆ ಸುರಿದು ತಲೆಕೆಳಗೆ ಇಟ್ಟು, ಮುಚ್ಚಳ 'ಟಕ್' ಅಂದರೆ ಆಯಿತು ಅನ್ನುವ ವೀಡಿಯೋಗಳೂ ಇವೆ. ಟಕ್ ಅಂದರೆ ಮುಚ್ಚಳ ಕೂತಿದೆ ಅಂತ ಅರ್ಥ, ಒಳಗಿನವರು ಸತ್ತಿದ್ದಾರೆ ಅಂತ ಅಲ್ಲ.

"ಪ್ಯಾಕೆಟ್ ಊದಿಲ್ಲ, ವಾಸನೆ ಇಲ್ಲ" ಅನ್ನುವುದೂ ಸಾಕ್ಷಿ ಅಲ್ಲ. ಊದಿದ್ದರೆ ಖಂಡಿತ ಬಿಸಾಡಿ. ಊದದೆಯೂ ವಿಷ ಇರಬಹುದು. ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಈ ವಿಷ ನಾಶವಾಗುತ್ತದೆ ಅನ್ನುವುದು ಪುಸ್ತಕದ ಮಾತು, ಸರಿಯಾದ ಮಾತೂ ಹೌದು. ಅದನ್ನು ನೆಚ್ಚಿಕೊಂಡು ಅನುಮಾನದ ಚೀಲವನ್ನು ಕುದಿಸಿ ಬಡಿಸಬೇಡಿ. ನಲವತ್ತು ರೂಪಾಯಿ ಬೇಳೆಯ ಮೇಲೆ ಅಷ್ಟು ಮಮತೆ ಬೇಡ.

ನಾನೂ ಸುಮ್ನೆ ಬುದ್ಧಿ ಹೇಳುವವಳಲ್ಲ. ಮದುವೆಯಾಗಿ ದಾದರಿಗೆ ಬಂದ ಹೊಸದರಲ್ಲಿ ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಒಲೆ ಪಕ್ಕ ಇಡುತ್ತಿದ್ದೆ. ಒಗ್ಗರಣೆಗೆ ಎಷ್ಟು ಸಲೀಸು ಅಂತ ಹೆಮ್ಮೆ ಬೇರೆ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಹಲವರಿಗೆ ಈ ಕಾಯಿಲೆ ಬಂದಿತ್ತು ಅಂತ ಓದಿದ ದಿನ ಬಾಟಲಿ ಕಸಕ್ಕೆ ಹೋಯಿತು. ಎಣ್ಣೆ ಅಂದರೂ ವ್ಯಾಕ್ಯೂಮೇ. ಗಾಳಿಯನ್ನು ತಡೆಯುತ್ತದೆ, ಅಷ್ಟೇ.

ಇದನ್ನು ಓದಿದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ, ಇನ್ನೂ ಯಾರೂ ಕೇಳಿಲ್ಲ, ನಾನೇ ಕೇಳಿಕೊಳ್ಳುತ್ತೇನೆ: ಹಾಗಾದರೆ ಎಣ್ಣೆ ತೇಲುವ ನಮ್ಮ ಉಪ್ಪಿನಕಾಯಿ ವರ್ಷವಿಡೀ ಹೇಗೆ ಉಳಿಯಿತು? ಅಲ್ಲಿ ಕಾವಲು ಎಣ್ಣೆಯದಲ್ಲ, ಉಪ್ಪು ಮತ್ತು ಹುಳಿಯದು. ಹುಳಿಯನ್ನು ಅಳೆಯುವ ಪಿಎಚ್ ಅನ್ನುವ ಲೆಕ್ಕದಲ್ಲಿ 4.6ಕ್ಕಿಂತ ಕೆಳಗೆ ಹೋದರೆ ಈ ಬೀಜಾಣು ಮೊಳೆಯುವುದಿಲ್ಲ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಮಾವಿನಕಾಯಿ, ನಿಂಬೆ ಆ ಗಡಿಗಿಂತ ಬಹಳ ಕೆಳಗಿವೆ. ಮುರುಗಲೂ ಹಾಗೆಯೇ. ಕರಾವಳಿಯವರ ಬಾಯಲ್ಲಿ ಪುನರ್ಪುಳಿ, ಇಲ್ಲಿನವರ ಬಾಯಲ್ಲಿ ಕೋಕಂ. ಗೋವೆಯವರ ಉಪ್ಪು ಹಾಕಿದ ಕೋಕಂ ರಸದ, ಅಂದರೆ 'ಆಗಳ'ದ ಬಾಟಲಿ ಅದಕ್ಕೇ ಹೊರಗೇ ಕೂತಿರುತ್ತದೆ. ಊರಿನಿಂದ ಬಸ್ಸಿನಲ್ಲಿ ಬರುವ ಉಪ್ಪುಸೊಳೆಯಲ್ಲಿ ಹುಳಿ ಅಷ್ಟಿಲ್ಲ, ಅಲ್ಲಿ ಉಪ್ಪೇ ಎಲ್ಲ. ಹಲಸಿನ ಸೊಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆದರೂ ಪಲ್ಯ ಉಪ್ಪಾಗುತ್ತದೆ ಅಂತ ಗೊಣಗುತ್ತೀರಲ್ಲ, ಅಷ್ಟು ಉಪ್ಪು ಸುಮ್ನೆ ಹಾಕಿದ್ದಲ್ಲ. ಜಾಮಿಗೆ ಸಕ್ಕರೆ ಕಾವಲು. ಈಗ ಆರೋಗ್ಯ ಅಂತ ಉಪ್ಪು ಅರ್ಧ, ಸಕ್ಕರೆ ಅರ್ಧ ಮಾಡುವವರು ಫ್ರಿಜ್ಜಿನಲ್ಲಿ ಜಾಗ ಮಾಡಿಕೊಳ್ಳಲಿ.

ಹುಣಸೆ ಹಾಕಿದ ಬೇಳೆ ಹುಳಿ ಆ ಗಡಿಯೊಳಗೆ ಬರುತ್ತದೆ ಅಂತ ಮಾತ್ರ ನಂಬಬೇಡಿ. ಬೇಳೆ, ತರಕಾರಿ, ತೆಂಗಿನಕಾಯಿ ಸೇರಿ ಹುಳಿಯನ್ನು ತೆಳು ಮಾಡುತ್ತವೆ. 4.5 ಯಾವುದು, 5 ಯಾವುದು ಅಂತ ನಾಲಿಗೆಗೆ ತಿಳಿಯುವುದಿಲ್ಲ. ಟೊಮೆಟೊ ಕೂಡ ಆ ಗೆರೆಯ ಮೇಲೇ ಓಲಾಡುವ ಹಣ್ಣು.

ಎಣ್ಣೆಯ ಕೆಲಸ ಬೇರೆ. ಉಪ್ಪಿನಕಾಯಿಯ ಮೇಲ್ಭಾಗದಲ್ಲಿ ಬೂಷ್ಟು ಬಾರದ ಹಾಗೆ ನೋಡಿಕೊಳ್ಳುವುದು. ಅದೇ ಅಮ್ಮ, ಅದೇ ಅಳತೆ, ಧಾರವಾಡದಲ್ಲಿ ಕೆಡದ ಉಪ್ಪಿನಕಾಯಿ ಮುಂಬಯಿಯಲ್ಲಿ ಜುಲೈಗೆ ಬಿಳಿ ಹಿಡಿಯುವುದು ಇಲ್ಲೇ ಎಡವಿ. ಗಾಳಿಯಲ್ಲಿ ತೇವ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ದಿನಾ ನೋಡುತ್ತೀರಿ. ಪದೇ ಪದೇ ತೆರೆಯುವ ಬರಣಿಯಲ್ಲೂ ಅದೇ ನಡೆಯುತ್ತದೆ. ಮೇಲಿನ ಪದರ ನೀರಾಗಿ ಉಪ್ಪು ಸಪ್ಪೆಯಾಗುತ್ತದೆ, ಎಣ್ಣೆಯಿಂದ ತಲೆ ಎತ್ತಿದ ಹೋಳಿಗೆ ಬೂಷ್ಟು ಬರುತ್ತದೆ. ದೊಡ್ಡ ಬರಣಿಯನ್ನು ಮುಟ್ಟದೆ, ಹದಿನೈದು ದಿನಕ್ಕಾಗುವಷ್ಟು ಸಣ್ಣ ಬಾಟಲಿಗೆ ತೆಗೆದುಕೊಳ್ಳಿ. ಹೋಳು ಮುಳುಗುವಷ್ಟು ಕಾಯಿಸಿ ಆರಿಸಿದ ಎಣ್ಣೆ ಸುರಿಯಿರಿ.

ಅಂತೂ ನಿಮ್ಮ ಮಷಿನ್ ದಂಡ ಅಲ್ಲ. ಒಣಗಿದ್ದಕ್ಕೆ ಅದರಂಥ ಗೆಳೆಯ ಇಲ್ಲ. ಒಣಗಿದ್ದರಲ್ಲಿ ಯಾರೂ ಬೆಳೆಯುವುದಿಲ್ಲ, ಮಷಿನ್ ಆ ಒಣಗನ್ನು ಕಾಯುತ್ತದೆ. ನಮ್ಮ ಮರಾಠಿ ನೆರೆಯವರು ಮೇ ತಿಂಗಳಲ್ಲಿ ಬೇಗಮಿ ಅಂತ ವರ್ಷದ ಸಾಮಾನು ಮಾಡಿಡುತ್ತಾರಲ್ಲ, ಆಗಲೇ ನೀವೂ ಕೂರಿ. ಹಪ್ಪಳ, ಸಂಡಿಗೆ, ಮುಂಬಯಿಯ ಲಾಲ್‌ಬಾಗಿನಲ್ಲಿ ಕುಟ್ಟಿಸಿ ತಂದ ಮೆಣಸಿನ ಪುಡಿ, ಹುರಿದ ರವೆ, ಗೋಡಂಬಿ, ಗರಿಗರಿಯಾಗಿ ಒಣಗಿದ ಬೊಂಬಿಲ್ ಮೀನು, ಎಲ್ಲವನ್ನೂ ಜೂನ್ ಎರಡನೇ ವಾರದ ಮಳೆಗೆ ಮೊದಲು ಸೀಲ್ ಮಾಡಿ. ಹುಳ ಬೀಳುವುದಿಲ್ಲ, ಕಮಟು ನಿಧಾನ, ಹಪ್ಪಳ ಮೆತ್ತಗಾಗುವುದಿಲ್ಲ. ಫ್ರೀಜರಿಗೂ ಮಷಿನ್ ಒಳ್ಳೆಯದು. ಹಸಿ ಮೀನು ಪ್ಯಾಕ್ ಮಾಡಿ ಹೆಪ್ಪುಗಟ್ಟಿಸಿದ್ದರೆ, ಕರಗಿಸುವಾಗ ಚೀಲದ ಬಾಯಿ ಕತ್ತರಿಸಿ ಫ್ರಿಜ್ಜಿನೊಳಗೇ ಕರಗಿಸಿ. ಮೀನಿನಲ್ಲಿ ಇರಬಹುದಾದ ಈ ಕಳ್ಳನ ಒಬ್ಬ ದಾಯಾದಿ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲ.

ನಿಮ್ಮ ಮಗನ ವಿಷಯ. ಹುಳಿಯನ್ನು ಬೇಗ ಆರಿಸಿ, ಪ್ಯಾಕ್ ಮಾಡಿ, ಫ್ರೀಜರಿನಲ್ಲಿ ಕಲ್ಲಾಗಿಸಿ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಜೊತೆ ಇಟ್ಟುಕೊಂಡು ಕಲ್ಯಾಣದಲ್ಲಿ ರೈಲು ಹತ್ತಿದರೆ ಪುಣೆ ಮುಟ್ಟುವಾಗ ಇನ್ನೂ ತಣ್ಣಗಿರುತ್ತದೆ. ಆ ರಾತ್ರಿಯೇ ಕುದಿಸಿ ತಿಂದು ಮುಗಿಸಬೇಕು. ಉಳಿದ ಹದಿನಾಲ್ಕು ದಿನಕ್ಕೆ ಹುಳಿ ಪುಡಿ, ಬಿಸಿಬೇಳೆ ಪುಡಿ, ಚಟ್ನಿಪುಡಿ, ನೀರು ಸೋಕಿಸದ ಗರಿಗರಿ ಒಗ್ಗರಣೆ ಅವಲಕ್ಕಿ ಪ್ಯಾಕ್ ಮಾಡಿ ಕೊಡಿ. ಚಟ್ನಿಪುಡಿಗೆ ಹಸಿ ಬೆಳ್ಳುಳ್ಳಿ ಹಾಕಬೇಡಿ, ಕೊಬ್ಬರಿ ಚೆನ್ನಾಗಿ ಹುರಿಯಿರಿ. ಜೊತೆಗೆ ಮೂರು ಲೀಟರಿನ ಒಂದು ಕುಕ್ಕರ್ ಕೊಡಿ. ಬೇಳೆಗೆ ಎಷ್ಟು ವಿಷಲ್ ಅಂತ ಅವನೇ ಫೋನ್ ಮಾಡಿ ಕೇಳುತ್ತಾನೆ.